‘ಆರೋಪಿಗಳು ನಗುತ್ತಾರೆ’: ಒಂದು ನಾಟಕದ ಬೆನ್ನುಹತ್ತಿ ಜರ್ಮನಿಯಲ್ಲಿ ಐದು ದಿನ

ಜರ್ಮನ್ ಭಾಷೆಯ ನಾಟಕಕಾರ ಪೀಟರ್ ವೈಸ್ ಅವರ ‘ಡೀ ಎರ್ಮಿಟ್ಲುಂಗ್’ ನಾಟಕವನ್ನು ‘ತನಿಖೆ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿ ಎರಡು ವರ್ಷ ಕಳೆದಿದ್ದವು. ಮೈಸೂರಿನ ನಮ್ಮ ಹವ್ಯಾಸಿ ತಂಡ ಇದನ್ನು ಆಡಬೇಕೆಂದು ಹಟ ಹಿಡಿದಿತ್ತು. ನಾನೋ ಒಂದು ರಂಗಸೂಚನೆಯ ಮುಂದೆ ಕಾಲು ಕಿತ್ತಿಡಲಾರದೆ ನಿಂತಿದ್ದೆ. ಫ್ರಾಂಕ್‌ಫರ್ಟ್‌ನಲ್ಲಿ 1963ರಿಂದ 1965ರವರೆಗೆ ನಡೆದ ಆಶ್ವಿಟ್ಜ್ ವಿಚಾರಣೆಯ, ಅಂದರೆ ಆ ಹೆಸರಿನ ನಾಜಿ ಸಾವಿನ ಶಿಬಿರದಲ್ಲಿ ಕೆಲಸ ಮಾಡಿದವರ ಮೇಲಿನ ಮೊಕದ್ದಮೆಯ, ಹೇಳಿಕೆಗಳಿಂದಲೇ ಕಟ್ಟಿದ ಈ ನಾಟಕದಲ್ಲಿ, ಸಾಕ್ಷಿಗಳು ಹೇಳಲಾಗದ್ದನ್ನು ಹೇಳುತ್ತಿರುವಾಗ ಮತ್ತೆ ಮತ್ತೆ ಒಂದು ಸಾಲು ಬರುತ್ತದೆ: ‘ಆರೋಪಿಗಳು ನಗುತ್ತಾರೆ.’ ಅದು ಎಂಥ ನಗು ಎಂದು ವೈಸ್ ಹೇಳುವುದಿಲ್ಲ. ಕನ್ನಡದಲ್ಲಿ ನಗುವಿಗೇನೂ ಬರವಿಲ್ಲ. ಮುಗುಳ್ನಗುವುದು, ಕಿಸಕ್ಕನೆ ನಗುವುದು, ಹಲ್ಲುಕಿರಿಯುವುದು, ಗಹಗಹಿಸುವುದು ಎಲ್ಲವೂ ಇವೆ. ನನ್ನ ಕರಡಿನಲ್ಲಿ ಒಂದೊಂದು ಕಡೆ ಒಂದೊಂದು ನಗು ಕುಳಿತಿತ್ತು, ಯಾವುದೂ ಸರಿಯೆನಿಸಿರಲಿಲ್ಲ. ನಾಟಕ ಮೊದಲು ರಂಗಕ್ಕೆ ಬಂದದ್ದು 1965ರ ಅಕ್ಟೋಬರ್ 19ರಂದು. ಅರವತ್ತು ವರ್ಷ ತುಂಬುವ ಆ ದಿನಕ್ಕೆ ಬರ್ಲಿನ್ ತಲುಪುವಂತೆ ಐದು ದಿನಗಳ ಪ್ರಯಾಣವೊಂದನ್ನು ಹೊಂದಿಸಿಕೊಂಡು ಹೊರಟೆ.

ಮೊದಲ ದಿನ, ಬುಧವಾರ: ಫ್ರಾಂಕ್‌ಫರ್ಟ್

ವಿಮಾನದ ಮಂಪರು ಇಳಿಯುವ ಮೊದಲೇ ಚೀಲವನ್ನು ವಸತಿಯಲ್ಲಿಟ್ಟು, ಮುಖ್ಯ ರೈಲು ನಿಲ್ದಾಣದ ಪಶ್ಚಿಮಕ್ಕಿರುವ ಗಾಲ್ಲುಸ್ ಬಡಾವಣೆಗೆ ನಡೆದೆ. ವಿಚಾರಣೆ ಆರಂಭವಾದದ್ದು 1963ರ ಡಿಸೆಂಬರ್ 20ರಂದು, ನಗರದ ಪುರಭವನವಾದ ರ್ಯೋಮರ್‌ನ ಸಭಾಂಗಣದಲ್ಲಿ. ಇಪ್ಪತ್ತೆರಡು ಆರೋಪಿಗಳು, ಅವರ ವಕೀಲರು, ದೇಶವಿದೇಶಗಳ ಪತ್ರಕರ್ತರು ಹಿಡಿಸದೆ, 1964ರ ಏಪ್ರಿಲ್‌ನಲ್ಲಿ ಅದನ್ನು ಆಗಷ್ಟೇ ಕಟ್ಟಿ ಮುಗಿಸಿದ್ದ ಈ ಬಡಾವಣೆಯ ಸಮುದಾಯ ಭವನಕ್ಕೆ ಸ್ಥಳಾಂತರಿಸಿದರು. ಫ್ರಾಂಕೆನ್ ಅಲೀ ಎಂಬ ಸಾಲುಮರದ ರಸ್ತೆಯಲ್ಲಿ ಆ ಭವನ ಇಂದಿಗೂ ಇದೆ, ಇಂದಿಗೂ ಸಮುದಾಯ ಭವನವೇ. ನಮ್ಮೂರಿನ ಯಾವುದೋ ಕಲ್ಯಾಣ ಮಂಟಪದ ಮುಂದೆ ನಿಂತಂತಾಯಿತು. ವಿಚಾರಣೆಯ ನೆನಪಿನ ಫಲಕವನ್ನು ಹುಡುಕಿ ಓದುತ್ತಿದ್ದಾಗ, ಮಡಚುವ ಕುರ್ಚಿಗಳನ್ನು ಎರಡೆರಡಾಗಿ ಹೊತ್ತುಕೊಂಡು ಇಬ್ಬರು ನನ್ನ ಪಕ್ಕದಿಂದಲೇ ಒಳಗೆ ಹೋದರು. ಸಂಜೆ ಯಾರದೋ ಸಮಾರಂಭ ಇದ್ದಿರಬೇಕು.

ಇಲ್ಲಿ 183 ದಿನಗಳ ಕಲಾಪ ನಡೆಯಿತು. ಶಿಬಿರದಿಂದ ಬದುಕಿ ಬಂದ ಇನ್ನೂರಕ್ಕೂ ಹೆಚ್ಚು ಜನ ಸಾಕ್ಷಿ ನುಡಿದರು. ಅವರಲ್ಲಿ ಹಲವರು ತಾವು ಬಿಟ್ಟುಹೋದ, ಅಥವಾ ತಮ್ಮನ್ನು ಓಡಿಸಿದ ದೇಶಕ್ಕೆ ಈ ಒಂದು ಕೆಲಸಕ್ಕಾಗಿ ಮರಳಿದವರು. ಇದೆಲ್ಲದರ ಹಿಂದೆ ಇದ್ದವರು ಹೆಸ್ಸೆ ರಾಜ್ಯದ ಮುಖ್ಯ ಅಭಿಯೋಜಕ ಫ್ರಿಟ್ಜ್ ಬೌವರ್. ಸ್ವತಃ ಯಹೂದಿ, ನಾಜಿಗಳ ಸೆರೆಯನ್ನು ಕಂಡವರು, ಡೆನ್ಮಾರ್ಕ್ ಮತ್ತು ಸ್ವೀಡನ್‌ಗಳಲ್ಲಿ ಆಶ್ರಯ ಪಡೆದು ಬದುಕಿ ಹಿಂದಿರುಗಿದವರು. 1965ರ ಆಗಸ್ಟ್‌ನಲ್ಲಿ ತೀರ್ಪು ಬರುವ ಹೊತ್ತಿಗೆ ಉಳಿದಿದ್ದ ಇಪ್ಪತ್ತು ಆರೋಪಿಗಳಲ್ಲಿ ಆರು ಜನರಿಗೆ ಜೀವಾವಧಿ ಶಿಕ್ಷೆಯಾಯಿತು, ಹನ್ನೊಂದು ಜನರಿಗೆ ವಿವಿಧ ಅವಧಿಯ ಸೆರೆವಾಸ, ಮೂವರು ಬಿಡುಗಡೆಯಾದರು.

ವೈಸ್ 1964ರ ವಸಂತದಲ್ಲಿ ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡರು, ಪತ್ರಿಕಾ ವರದಿಗಳನ್ನು ಅಳೆದು ಕತ್ತರಿಸಿದರು, ತೀರ್ಪಿನ ಎರಡೇ ತಿಂಗಳಲ್ಲಿ ನಾಟಕವನ್ನು ರಂಗಕ್ಕೆ ಕೊಟ್ಟರು. ಅದನ್ನು ಅವರು ಕರೆದದ್ದು ‘ಹನ್ನೊಂದು ಗಾನಗಳ ಓರಟೋರಿಯೊ’ ಎಂದು, ಅಂದರೆ ವೇಷ ದೃಶ್ಯಗಳಿಲ್ಲದೆ ಹಾಡುವ ದೊಡ್ಡ ಸಂಗೀತಕೃತಿ. ಪ್ರತಿ ಗಾನಕ್ಕೂ ಮೂರು ಭಾಗ, ಒಟ್ಟು ಮೂವತ್ತಮೂರು. ಡಾಂಟೆಯ ಮಹಾಕಾವ್ಯದ ಲೆಕ್ಕವನ್ನು ನೆನಪಿಸುವಂತೆ. ರೈಲು ಬಂದು ನಿಲ್ಲುವ ಕಟ್ಟೆಯಿಂದ ಹೊರಟು ಸುಡುವ ಒಲೆಗಳವರೆಗೆ ಗಾನಗಳು ಇಳಿಯುತ್ತ ಹೋಗುತ್ತವೆ. ವೇಷವಿಲ್ಲ, ದೃಶ್ಯವಿಲ್ಲ, ಸಾಲುಗಳಲ್ಲಿ ವಿರಾಮಚಿಹ್ನೆಯೂ ಇಲ್ಲ. ನ್ಯಾಯಾಲಯವನ್ನು ರಂಗದ ಮೇಲೆ ಮರುಸೃಷ್ಟಿಸಲು ಹೊರಡುವುದು, ಶಿಬಿರವನ್ನೇ ತೋರಿಸಲು ಹೊರಟಷ್ಟು ಅಸಾಧ್ಯವೆಂದು ಅವರು ಮುನ್ನುಡಿಯಲ್ಲೇ ಎಚ್ಚರಿಸಿದ್ದಾರೆ. ಕರಾವಳಿಯಿಂದ ಬಂದ ನಮ್ಮ ತಂಡದ ಗೆಳೆಯರೊಬ್ಬರು ಇದನ್ನು ಕೇಳಿದೊಡನೆ ‘ಹಾಗಾದರೆ ತಾಳಮದ್ದಳೆ’ ಎಂದಿದ್ದರು. ಕೂತು ಮಾತಾಡುವಷ್ಟರ ಮಟ್ಟಿಗೆ ಹೌದು. ಆದರೆ ತಾಳಮದ್ದಳೆಯ ಅರ್ಥಧಾರಿ ಪ್ರಸಂಗವನ್ನು ತನ್ನ ಮಾತಿನಿಂದ ಬೆಳೆಸುತ್ತಾನೆ, ಇಲ್ಲಿ ಒಂದು ಮಾತನ್ನೂ ಬೆಳೆಸುವಂತಿಲ್ಲ.

ಎರಡನೆಯ ದಿನ, ಗುರುವಾರ: ಫ್ರಾಂಕ್‌ಫರ್ಟ್

ಬೆಳಿಗ್ಗೆ ಗೋಯೆಟೆ ವಿಶ್ವವಿದ್ಯಾಲಯದ ಆವರಣಕ್ಕೆ ಹೋದೆ. ಅಲ್ಲಿನ ಮುಖ್ಯ ಕಟ್ಟಡ 1931ರಲ್ಲಿ ಮುಗಿದ ಐ.ಜಿ. ಫಾರ್ಬೆನ್ ಎಂಬ ರಾಸಾಯನಿಕ ಕೂಟದ ಕೇಂದ್ರ ಕಚೇರಿ. ಆಶ್ವಿಟ್ಜ್‌ನ ಮಗ್ಗುಲಲ್ಲೇ ಕೈದಿಗಳನ್ನು ದುಡಿಸಿ ಕಾರ್ಖಾನೆ ಕಟ್ಟಿದ ಸಂಸ್ಥೆ, ಶಿಬಿರದಲ್ಲಿ ಜನರನ್ನು ಕೊಲ್ಲಲು ಬಳಸಿದ ವಿಷಾನಿಲ ಝೈಕ್ಲಾನ್-ಬಿ ಮಾರುತ್ತಿದ್ದ ಕಂಪನಿಯಲ್ಲಿ ಪಾಲು ಹೊಂದಿದ್ದ ಸಂಸ್ಥೆ. ವೈಸ್ ನಾಟಕದಲ್ಲಿ ಇಂಥ ಉದ್ಯಮಗಳ ಹೆಸರು ನೇರವಾಗಿಯೇ ಬರುತ್ತದೆ, ಯಹೂದಿ ಎಂಬ ಪದ ಮಾತ್ರ ಎಲ್ಲಿಯೂ ಬರುವುದಿಲ್ಲ. ನಾಟಕಕ್ಕೆ ಬಂದ ಅತ್ಯಂತ ತೀಕ್ಷ್ಣವಾದ ಟೀಕೆ ಇದೇ. ಮಾರ್ಕ್ಸ್‌ವಾದದ ಕನ್ನಡಕ ಹಾಕಿಕೊಂಡ ವೈಸ್, ಸತ್ತವರನ್ನು ಎರಡನೆಯ ಸಲ ಅಳಿಸಿದರು ಎಂದವರೂ ಇದ್ದಾರೆ. ತಂದೆಯ ಕಡೆಯಿಂದ ಯಹೂದಿಯಾದ, 1935ರಲ್ಲಿ ಕುಟುಂಬದೊಂದಿಗೆ ದೇಶ ಬಿಟ್ಟ, ಆಶ್ವಿಟ್ಜ್ ತನಗೆಂದೇ ಗೊತ್ತಾಗಿದ್ದ, ತಾನು ತಪ್ಪಿಸಿಕೊಂಡ ಊರು ಎಂಬ ಅರ್ಥದಲ್ಲಿ ಬರೆದ ಲೇಖಕರ ಮೇಲೆ ಆ ಆರೋಪ ಹೊರಿಸುವುದು ನನಗೆ ಕಷ್ಟ. ಆದರೂ ಕನ್ನಡದಲ್ಲಿ ಈ ಮೌನ ಇನ್ನೊಂದು ಬಗೆಯಲ್ಲಿ ತೊಡಕಾಗುತ್ತದೆ: ಜರ್ಮನ್ ಪ್ರೇಕ್ಷಕರಿಗೆ ಹೇಳದೆಯೂ ಗೊತ್ತಿದ್ದದ್ದು ನಮ್ಮ ಪ್ರೇಕ್ಷಕರಿಗೆ ಹೇಳದಿದ್ದರೆ ಗೊತ್ತಾಗದು. ಪದವನ್ನು ನಾಟಕದೊಳಕ್ಕೆ ತುರುಕದೆ, ಪ್ರದರ್ಶನದ ಮೊದಲು ಯಾರಾದರೂ ಎದ್ದು ನಿಂತು ನಾಲ್ಕು ಮಾತು ಹೇಳುವುದೇ ಸರಿಯೆಂದು ಆ ಕಟ್ಟಡದ ಮೆಟ್ಟಿಲ ಮೇಲೆ ಕುಳಿತು ತೀರ್ಮಾನಿಸಿದೆ.

ಇದೇ ಕಟ್ಟಡದಲ್ಲಿ ಫ್ರಿಟ್ಜ್ ಬೌವರ್ ಸಂಸ್ಥೆಯೂ ಇದೆ. ವಿಚಾರಣೆಯ ಸುಮಾರು 430 ಗಂಟೆಗಳ ಧ್ವನಿಮುದ್ರಣ ಉಳಿದುಬಂದಿದೆ. ನ್ಯಾಯಾಧೀಶರ ನೆನಪಿಗೆ ನೆರವಾಗಲೆಂದು ಮುದ್ರಿಸಿದ ಈ ಟೇಪುಗಳನ್ನು ಕೆಲಸ ಮುಗಿದ ಮೇಲೆ ಅಳಿಸಬೇಕಿತ್ತು, ಅಳಿಸಲಿಲ್ಲ. 2017ರಲ್ಲಿ ಯುನೆಸ್ಕೊ ಅವನ್ನು ವಿಶ್ವದ ಸ್ಮೃತಿ ಪಟ್ಟಿಗೆ ಸೇರಿಸಿತು, ಈಗ ಯಾರು ಬೇಕಾದರೂ ಅಂತರ್ಜಾಲದಲ್ಲಿ ಕೇಳಬಹುದು. ಆವರಣದ ಹುಲ್ಲಿನ ಮೇಲೆ ಕುಳಿತು, ಕಿವಿಗೆ ತಂತಿ ಸಿಕ್ಕಿಸಿಕೊಂಡು ಮಧ್ಯಾಹ್ನವಿಡೀ ಕೇಳಿದೆ. ಸಾಕ್ಷಿ ತಮ್ಮ ಭಾಷೆಯಲ್ಲಿ ಹೇಳುತ್ತಾರೆ, ದುಭಾಷಿ ಜರ್ಮನ್‌ಗೆ ತರುತ್ತಾರೆ, ನಡುವೆ ಕಾಗದದ ಸರಪರ, ಯಾರದೋ ಕೆಮ್ಮು. ನಾನು ಹುಡುಕುತ್ತಿದ್ದ ನಗು ನಾನು ಕೇಳಿದ ಭಾಗಗಳಲ್ಲಿ ಸಿಗಲಿಲ್ಲ. ಆದರೆ ಇನ್ನೊಂದು ತೊಡಕು ಬಿಡಿಸಿತು. ನ್ಯಾಯಾಲಯದ ಜರ್ಮನ್‌ನಲ್ಲಿ ಎಲ್ಲರೂ ಎಲ್ಲರನ್ನೂ ಬಹುವಚನದ ಮರ್ಯಾದೆಯಲ್ಲೇ ಮಾತಾಡಿಸುತ್ತಾರೆ, ಕೊಲೆಗಾರನನ್ನೂ. ಕೈದಿಗಳನ್ನು ಕೋಲಿಗೆ ಜೋತುಹಾಕಿ ಹೊಡೆಯುತ್ತಿದ್ದ ‘ಉಯ್ಯಾಲೆ’ಯಿಂದ ಕುಖ್ಯಾತನಾದ ಬೋಗರ್‌ನನ್ನು ಕುರಿತು ನನ್ನ ಕರಡಿನ ಸಾಕ್ಷಿ ‘ಆಗ ಬೋಗರ್ ಬಂದ’ ಎನ್ನುತ್ತಿದ್ದರು. ಟೇಪು ಕೇಳಿದ ಮೇಲೆ ಅದನ್ನು ‘ಆಗ ಬೋಗರ್ ಬಂದರು’ ಎಂದು ತಿದ್ದಿದೆ. ಏಕವಚನದ ಸಿಟ್ಟು ಅನುವಾದಕನದು, ಸಾಕ್ಷಿಯದಲ್ಲ.

ಸಂಜೆ ಬಾಟನ್ ಬೀದಿಯ ಹಳೆಯ ಯಹೂದಿ ಸ್ಮಶಾನದ ಹೊರಗೋಡೆಯ ಸುತ್ತ ನಡೆದೆ. ಊರಿನಿಂದ ಸಾಗಿಸಲ್ಪಟ್ಟು ಕೊಲ್ಲಲ್ಪಟ್ಟ ಸುಮಾರು 12,000 ಜನರ ಹೆಸರು ಅಂಗೈ ಅಗಲದ ಲೋಹದ ತುಂಡುಗಳಾಗಿ ಗೋಡೆಯಿಂದ ಹೊರಚಾಚಿವೆ. ಅವುಗಳ ಮೇಲೆ ಒಂದು ಬೆಣಚುಕಲ್ಲು ಇಡುವಷ್ಟೇ ಜಾಗ, ಬಂದವರು ಇಟ್ಟುಹೋಗಿದ್ದಾರೆ. ವೈಸ್ ನಾಟಕದಲ್ಲಿ ಹದಿನೆಂಟು ಆರೋಪಿಗಳಿಗೆ ಅವರವರ ನಿಜಹೆಸರಿದೆ, ಒಂಬತ್ತು ಸಾಕ್ಷಿಗಳಿಗೆ ಬರೀ ಸಂಖ್ಯೆ. ಶಿಬಿರ ಹೆಸರು ಕಿತ್ತುಕೊಂಡಿತ್ತು, ಆದ್ದರಿಂದ ನಾಟಕವೂ ಕೊಡುವುದಿಲ್ಲ. ಗೋಡೆ ತದ್ವಿರುದ್ಧ: ಇಲ್ಲಿ ಹೆಸರಲ್ಲದೆ ಬೇರೇನೂ ಇಲ್ಲ.

ಅಲ್ಲಿಂದ ಮೈನ್ ನದಿಯ ದಂಡೆ ಹಿಡಿದು ಶಾಂತಿ ಸೇತುವೆಯ ಕೆಳಗೆ ಬಂದೆ. ಪಕ್ಕದ ಹಾನೌ ಊರಿನಲ್ಲಿ 2020ರ ಫೆಬ್ರವರಿ 19ರಂದು ಜನಾಂಗದ್ವೇಷಿಯೊಬ್ಬ ಗುಂಡಿಟ್ಟು ಕೊಂದ ಒಂಬತ್ತು ಜನರ ಮುಖಗಳು ಸೇತುವೆಯ ಗೋಡೆಯುದ್ದಕ್ಕೂ ಬಣ್ಣದಲ್ಲಿವೆ. ಕೊಂದವನ ಹೆಸರನ್ನಲ್ಲ, ಸತ್ತವರ ಹೆಸರನ್ನು ಹೇಳಿ ಎಂಬುದು ಆ ಕುಟುಂಬಗಳ ಬೇಡಿಕೆಯಾಗಿತ್ತು.

ಮೂರನೆಯ ದಿನ, ಶುಕ್ರವಾರ: ಕೊಲೋನ್

ಕೊಲೋನ್‌ನ ಪ್ರಧಾನ ದೇವಾಲಯವನ್ನು ನಿಲ್ದಾಣದ ಬಾಗಿಲಿನಿಂದಲೇ ನೋಡಿ, ನದಿ ದಾಟಿ ಮ್ಯೂಲ್‌ಹೈಮ್‌ಗೆ ಹೋದೆ. ಕೊಯ್ಪ್ ಬೀದಿ ತುರ್ಕಿ ಮೂಲದವರ ಅಂಗಡಿಗಳಿಂದ ತುಂಬಿದ ಬೀದಿ: ಬಕ್ಲಾವಾ ತಟ್ಟೆಗಳು, ಬಂಗಾರದ ಅಂಗಡಿಗಳು, ಮದುವೆಯ ಉಡುಪಿನ ಗಾಜುಕಿಟಕಿಗಳು. 2004ರ ಜೂನ್ 9ರಂದು ಇಲ್ಲಿ ಒಂದು ಕ್ಷೌರದಂಗಡಿಯ ಮುಂದೆ ಸೈಕಲ್ಲಿನಲ್ಲಿಟ್ಟ ಬಾಂಬು ಸಿಡಿದು, ಅದರಲ್ಲಿ ತುಂಬಿದ್ದ ನೂರಾರು ಬಡಗಿ ಮೊಳೆಗಳು ಬೀದಿಯ ತುಂಬ ಹಾರಿ, 22 ಜನ ಗಾಯಗೊಂಡರು. ಮರುದಿನವೇ ಒಳಾಡಳಿತ ಸಚಿವ ಓಟ್ಟೊ ಶಿಲಿ, ಇದು ಭಯೋತ್ಪಾದನೆಯಲ್ಲ, ಅಪರಾಧ ಜಗತ್ತಿನ ವ್ಯವಹಾರದಂತೆ ಕಾಣುತ್ತದೆ ಎಂಬರ್ಥದ ಮಾತಾಡಿದರು. ಏಳು ವರ್ಷ ಪೊಲೀಸರು ಗಾಯಾಳುಗಳನ್ನೇ ವಿಚಾರಿಸಿದರು: ಯಾರಿಗೆ ಸಾಲ ಕೊಡಬೇಕಿತ್ತು, ಯಾರ ಜೊತೆ ದ್ವೇಷವಿತ್ತು, ಮಾದಕವಸ್ತುವೇನಾದರೂ ಇತ್ತೇ.

ಸತ್ಯ ಹೊರಬಂದದ್ದು 2011ರ ನವೆಂಬರ್‌ನಲ್ಲಿ, ಎನ್‌ಎಸ್‌ಯು ಎಂಬ ನವನಾಜಿ ಗುಂಪಿನ ಇಬ್ಬರು ಐಸೆನಾಖ್ ಊರಿನಲ್ಲಿ ಸತ್ತುಬಿದ್ದ ಮೇಲೆ. 2000ದಿಂದ 2007ರವರೆಗೆ ಆ ಗುಂಪು ಹತ್ತು ಕೊಲೆ ಮಾಡಿತ್ತು. ಎಂಟು ಜನ ತುರ್ಕಿ ಅಥವಾ ಕುರ್ದಿಷ್ ಮೂಲದವರು, ಒಬ್ಬ ಗ್ರೀಕ್, ಒಬ್ಬಾಕೆ ಪೊಲೀಸ್. ಬದುಕುಳಿದ ಬೆಯಾಟೆ ತ್ಶೇಪೆ ಅಂಚೆಗೆ ಹಾಕಿದ ವಿಡಿಯೊದಲ್ಲಿ ಗುಂಪು ತನ್ನ ಕೊಲೆಗಳನ್ನು ತಾನೇ ಹೇಳಿಕೊಂಡಿತ್ತು, ಅದೂ ಪಿಂಕ್ ಪ್ಯಾಂಥರ್ ಎಂಬ ಮಕ್ಕಳ ಕಾರ್ಟೂನಿನ ಚಿತ್ರಗಳ ನಡುವೆ ಹೆಣಗಳ ಫೋಟೊ ಅಂಟಿಸಿ, ತಮಾಷೆಯಾಗಿ. ನನ್ನ ರಂಗಸೂಚನೆ ಅರವತ್ತರ ದಶಕದ ಮುದುಕರ ಸೊತ್ತಲ್ಲ ಎಂದು ಅರಿವಾದದ್ದು ಇಲ್ಲಿ. ಆ ವಿಡಿಯೊದಲ್ಲಿ ಯಾರ ನಗುವೂ ಕೇಳಿಸಬೇಕಾಗಿಲ್ಲ. ಕತ್ತರಿಸಿ ಅಂಟಿಸಿದ ಕೆಲಸವೇ ನಗು.

ಈ ಬೀದಿಗೂ ರಂಗಭೂಮಿ ಬಂದಿತು. 2014ರಲ್ಲಿ, ಸ್ಫೋಟದ ಹತ್ತನೆಯ ವರ್ಷಕ್ಕೆ, ಕೊಲೋನ್‌ನ ನಗರ ರಂಗಮಂದಿರ ನೂರಾನ್ ಡೇವಿಡ್ ಚಾಲಿಶ್ ಅವರ ‘ಡೀ ಲ್ಯುಕೆ’ಯನ್ನು, ಅಂದರೆ ‘ನಡುವಿನ ಬಿರುಕು’ ಎಂಬ ನಾಟಕವನ್ನು, ಬೀದಿಯ ಕೂಗಳತೆಯಲ್ಲೇ ಇರುವ ಹಳೆಯ ಕಾರ್ಖಾನೆಯ ಆವರಣದಲ್ಲಿ ಆಡಿತು. ರಂಗದ ಮೇಲೆ ಮೂವರು ವೃತ್ತಿನಟರು, ಅವರೆದುರು ಇದೇ ಬೀದಿಯ ಮೂವರು ನಿವಾಸಿಗಳು. ವೈಸ್ ಸಾಕ್ಷಿಗಳ ಮಾತನ್ನು ನಟರ ಬಾಯಿಗೆ ಕೊಟ್ಟರು. ಅರ್ಧ ಶತಮಾನದ ನಂತರ ಸಾಕ್ಷಿಗಳೇ ಬಂದು ನಿಂತರು, ನಟರು ಪ್ರಶ್ನೆ ಕೇಳುವವರಾದರು. ಪ್ರಯೋಗವೆಂದರೆ ನನಗೆ ಇದು. ವಿಡಿಯೊ ಪರದೆ, ನೆತ್ತರಿನ ಬಣ್ಣ, ಬೆತ್ತಲೆ ಓಟಗಳಿಗೆ ಆ ಹೆಸರು ಕೊಟ್ಟು ನಾವು ಪದವನ್ನು ಸವೆಸಿದ್ದೇವೆ.

ಚಹಾ ಅಂಗಡಿಯಲ್ಲಿ ಕುಳಿತಿದ್ದಾಗ, ಊರು ಯಾವುದೆಂದು ಮಾಲೀಕರು ಕೇಳಿದರು, ಹೇಳಿದೆ. ಸ್ಫೋಟದ ಬಗ್ಗೆ ನಾನು ಕೇಳಲಿಲ್ಲ. ಇಪ್ಪತ್ತೊಂದು ವರ್ಷಗಳಿಂದ ಪ್ರಶ್ನೆಗಳನ್ನೇ ಕೇಳಿಸಿಕೊಂಡ ಬೀದಿಯಲ್ಲಿ ಇನ್ನೊಂದು ಪ್ರಶ್ನೆ ಹೊತ್ತು ಹೋಗಲು ನಾಲಗೆ ಏಳಲಿಲ್ಲ. ಟುಲಿಪ್ ಹೂವಿನಾಕಾರದ ಲೋಟದಲ್ಲಿ ಎರಡನೆಯ ಚಹಾ ಕೇಳದೆಯೇ ಬಂತು, ಲೆಕ್ಕದಲ್ಲಿ ಮಾತ್ರ ಬರಲಿಲ್ಲ.

ರಾತ್ರಿಯ ರೈಲು ತಡವಾಗಿ, ಎರಡನೆಯ ರೈಲು ತಪ್ಪಿ, ವೈಮಾರ್ ತಲುಪಿದಾಗ ಒಂದು ಗಂಟೆ.

ನಾಲ್ಕನೆಯ ದಿನ, ಶನಿವಾರ: ವೈಮಾರ್, ಬುಖೆನ್‌ವಾಲ್ಡ್

ರಾಷ್ಟ್ರೀಯ ರಂಗಮಂದಿರದ ಮುಂದೆ ಕವಿಗಳಾದ ಗೋಯೆಟೆ ಮತ್ತು ಶಿಲ್ಲರ್ ಪ್ರತಿಮೆಗಳಾಗಿ ಒಂದೇ ಎಲೆಹಾರಕ್ಕೆ ಕೈಯಿಟ್ಟು ನಿಂತಿದ್ದಾರೆ. 1919ರಲ್ಲಿ ಜರ್ಮನಿಯ ಮೊದಲ ಗಣರಾಜ್ಯದ ಸಂವಿಧಾನ ಒಪ್ಪಿಗೆ ಪಡೆದದ್ದು ಈ ರಂಗಮಂದಿರದೊಳಗೆ, ಬೌಹೌಸ್ ಕಲಾಶಾಲೆ ಹುಟ್ಟಿದ್ದೂ ಅದೇ ವರ್ಷ ಇದೇ ಊರಿನಲ್ಲಿ. ಇಲ್ಲಿಂದ ಹೊರಟ ಬಸ್ಸು ಎಂಟು ಕಿಲೋಮೀಟರಿನಷ್ಟು ದೂರದ ಎಟ್ಟರ್ಸ್‌ಬರ್ಗ್ ಬೆಟ್ಟ ಹತ್ತುತ್ತದೆ. ಕೊನೆಯ ಭಾಗ ಕೈದಿಗಳೇ ಕಟ್ಟಿದ ರಸ್ತೆ. 1937ರಲ್ಲಿ ನಾಜಿಗಳು ಇಲ್ಲಿ ಸೆರೆಶಿಬಿರ ಕಟ್ಟಿದಾಗ ಬೆಟ್ಟದ ಹೆಸರನ್ನೇ ಇಡಲು ಹೊರಟಿದ್ದರಂತೆ, ಅದು ಗೋಯೆಟೆಯ ನೆನಪಿಗೆ ಅಂಟಿಕೊಂಡ ಹೆಸರೆಂದು ಊರಿನ ಸಂಸ್ಕೃತಿಪ್ರಿಯರು ತಕರಾರು ತೆಗೆದರು. ಆದ್ದರಿಂದ ಬುಖೆನ್‌ವಾಲ್ಡ್, ಬೀಚ್ ಮರಗಳ ಕಾಡು. ತಕರಾರು ಹೆಸರಿಗೆ ಮಾತ್ರ. ಎಂಟು ವರ್ಷಗಳಲ್ಲಿ ಸುಮಾರು 2,80,000 ಜನರನ್ನು ಇಲ್ಲಿಗೂ ಇದರ ಉಪಶಿಬಿರಗಳಿಗೂ ತಂದರು, ಸುಮಾರು 56,000 ಜನ ಸತ್ತರು.

ಬಾಗಿಲಿನ ಕಬ್ಬಿಣದಲ್ಲಿ ಮೂರು ಪದಗಳಿವೆ, ಒಳಗೆ ನಿಂತವರಿಗೆ ಓದಲು ಸಿಗುವಂತೆ: ‘ಅವರವರಿಗೆ ಸಲ್ಲಬೇಕಾದ್ದು ಅವರವರಿಗೆ.’ ರೋಮನ್ ನ್ಯಾಯಶಾಸ್ತ್ರದ ಹಳೆಯ ಸೂತ್ರವೊಂದನ್ನು ಕೈದಿಗಳ ಮುಖಕ್ಕೆ ಹಿಡಿದ ಈ ಕೆಲಸವೂ ಒಂದು ತಮಾಷೆಯೇ. ಆದರೆ ಆ ಅಕ್ಷರಗಳನ್ನು ರೂಪಿಸಿದವರು ಫ್ರಾನ್ಸ್ ಎರ್ಲಿಖ್ ಎಂಬ ಕೈದಿ, ಬೌಹೌಸ್‌ನಲ್ಲಿ ಕಲಿತವರು. ನಾಜಿಗಳು ‘ಅವನತ ಕಲೆ’ ಎಂದು ಹೊರಗಟ್ಟಿದ ಆ ಶಾಲೆಯ ಶೈಲಿಯನ್ನೇ ಅಕ್ಷರಗಳ ದುಂಡಗೆಯಲ್ಲಿ ಇಟ್ಟರು, ಕಾವಲಿನವರಿಗೆ ಅದು ತಿಳಿಯಲಿಲ್ಲ. ಅಕ್ಷರಗಳ ಮುಂದೆ ಬಹಳ ಹೊತ್ತು ನಿಂತೆ. ‘ಇ’ಕಾರದ ಕಬ್ಬಿಣ ಮಾತ್ರ ನೋಡಿದರೆ ನಿಜಕ್ಕೂ ಸೊಗಸಾಗಿದೆ.

ಹಾಜರಿ ಮೈದಾನದಲ್ಲಿ ನೆಲಮಟ್ಟದಲ್ಲಿ ಒಂದು ಲೋಹದ ಹಲಗೆ ಇದೆ. 1995ರಲ್ಲಿ ಹಾರ್ಸ್ಟ್ ಹೋಹೈಸೆಲ್ ಮತ್ತು ಆಂದ್ರೆಯಾಸ್ ಕ್ನಿಟ್ಸ್ ಎಂಬ ಕಲಾವಿದರು ಹಾಕಿದ್ದು. ವರ್ಷವಿಡೀ 37 ಡಿಗ್ರಿ ಶಾಖದಲ್ಲಿರುತ್ತದೆ, ಮನುಷ್ಯನ ಮೈಬಿಸಿಯಷ್ಟು. ಗಾಳಿ ಕೊರೆಯುತ್ತಿತ್ತು, ತುಂತುರು ಹಿಡಿದಿತ್ತು. ಮೊಣಕಾಲೂರಿ ಅಂಗೈ ಇಟ್ಟಾಗ, ನಿದ್ದೆಹೋದ ಮಗುವಿನ ಬೆನ್ನು ಮುಟ್ಟಿದಂತಾಗಿ, ತಟ್ಟನೆ ಕೈ ತೆಗೆದು ಮತ್ತೆ ಇಟ್ಟೆ. ಹಲಗೆಯ ಸುತ್ತಲಿನ ಜಲ್ಲಿ ಒದ್ದೆ, ಹಲಗೆ ಮಾತ್ರ ಒಣಗಿತ್ತು.

ಇಲ್ಲಿಂದ ಯೇನಾ ನಗರ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಎನ್‌ಎಸ್‌ಯು ಗುಂಪಿನ ಮೂವರೂ ಬೆಳೆದ ಊರು ಅದು. ಅವರಲ್ಲಿಬ್ಬರು, ಮುಂಡ್ಲೋಸ್ ಮತ್ತು ಬ್ಯೋನ್‌ಹಾರ್ಟ್, 1996ರಲ್ಲಿ ನಾಜಿ ಪಡೆಯ ಸಮವಸ್ತ್ರವನ್ನು ಹೋಲುವ ಕಂದು ಉಡುಪು ತೊಟ್ಟು ಈ ಸ್ಮಾರಕಕ್ಕೇ ಬಂದಿದ್ದರು. ಇನ್ನು ಮುಂದೆ ಕಾಲಿಡಕೂಡದೆಂದು ಸ್ಮಾರಕದವರು ನಿಷೇಧ ಹಾಕಿದರು, ನಾಲ್ಕು ವರ್ಷದ ಮೇಲೆ ಮೊದಲ ಕೊಲೆಯಾಯಿತು. 2022ರ ಜುಲೈನಲ್ಲಿ, ಶಿಬಿರದ ಬಲಿಗಳ ನೆನಪಿಗೆ ನೆಟ್ಟಿದ್ದ ಏಳು ಮರಗಳನ್ನು ಯಾರೋ ಕಡಿದುಹಾಕಿದರು. ಶಾಲೆಯಲ್ಲಿ ಪಾಠ ಹೇಳಿ, ಸ್ಮಾರಕಕ್ಕೆ ಕರೆತಂದು ತೋರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಹೊರಗಿನವರು ಜರ್ಮನಿಯನ್ನು ಮೆಚ್ಚುತ್ತ ಹೇಳುವುದುಂಟು. ಆ ಇಬ್ಬರಿಗೆ ಇಲ್ಲಿ ಏನು ನಡೆದಿತ್ತೆಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಆ ಉಡುಪಿನಲ್ಲಿ ಬಂದರು.

ಐದನೆಯ ದಿನ, ಭಾನುವಾರ, ಅಕ್ಟೋಬರ್ 19: ಬರ್ಲಿನ್

ಅರವತ್ತು ವರ್ಷಗಳ ಹಿಂದೆ ಇದೇ ದಿನ ನಾಟಕ ಎರಡೂ ಜರ್ಮನಿಗಳ ಹತ್ತಾರು ರಂಗಮಂದಿರಗಳಲ್ಲಿ, ಲಂಡನ್‌ನಲ್ಲೂ, ಏಕಕಾಲಕ್ಕೆ ಆರಂಭವಾಗಿತ್ತು. ಊರನ್ನು ಎರಡಾಗಿ ಸೀಳಿದ ಗೋಡೆ ಎದ್ದು ನಾಲ್ಕೇ ವರ್ಷವಾಗಿದ್ದ ನಗರದಲ್ಲಿ, ಪೂರ್ವದ ಕಡೆ ನಟಿ ಹೆಲೆನ ವೈಗಲ್ ಮೊದಲಾದವರು ಸಂಸತ್ತಿನ ಸಭಾಂಗಣದಲ್ಲಿ ಓದಿದರು. ಪಶ್ಚಿಮದ ಕಡೆ ಎರ್ವಿನ್ ಪಿಸ್ಕಾಟೊರ್ ಫ್ರೈಯೆ ಫೋಕ್ಸ್‌ಬ್ಯೂನೆ ರಂಗಮಂದಿರದಲ್ಲಿ ಲೂಯಿಜಿ ನೋನೊ ಅವರ ಸಂಗೀತದೊಂದಿಗೆ ಆಡಿಸಿದರು. ಮಧ್ಯಾಹ್ನ ಶಾಪರ್ ಬೀದಿಯ ಆ ಗಾಜಿನ ಕಟ್ಟಡದ ಎದುರು ಸ್ವಲ್ಪ ಹೊತ್ತು ನಿಂತಿದ್ದೆ. ಈಗ ಅದು ನಗರದ ಉತ್ಸವಗಳ ಮನೆ.

ಸಂಜೆಯ ಓದು ಇದ್ದದ್ದು ಬೇರೆಡೆ, ನೊಯ್‌ಕ್ಯೋಲ್ನ್ ಬಡಾವಣೆಯ ಒಂದು ಹಿತ್ತಲ ಕೋಣೆಯಲ್ಲಿ. ಕೆಲವು ವಿದ್ಯಾರ್ಥಿಗಳು ಸೇರಿ ಏರ್ಪಡಿಸಿದ್ದು. ಬಂದವರು ಇಪ್ಪತ್ತಕ್ಕೆ ಒಂದೆರಡು ಹೆಚ್ಚು. ವೃತ್ತದಲ್ಲಿ ಕುರ್ಚಿಗಳು, ಎಲ್ಲರ ಕೈಯಲ್ಲೂ ಪ್ರತಿ. ಗಾನದಿಂದ ಗಾನಕ್ಕೆ ಪಾತ್ರ ಬದಲಾಗುತ್ತದೆ, ಈಗ ಸಾಕ್ಷಿಯಾದವರು ಆಮೇಲೆ ಆರೋಪಿ ಎಂದು ಆರಂಭದಲ್ಲೇ ಹೇಳಿದರು. ಸ್ಟುಟ್‌ಗಾರ್ಟ್‌ನಲ್ಲಿ ಪೀಟರ್ ಪಾಲಿಚ್ ಮಾಡಿದ ಹಳೆಯ ಪ್ರಯೋಗದಲ್ಲೂ ನಟರು ಹೀಗೆಯೇ ಎರಡೂ ಕಡೆ ಕುಳಿತಿದ್ದರು. ಕೈದಿಯಾಗಿದ್ದವರಲ್ಲಿ ಎಷ್ಟೋ ಜನ ಸಂದರ್ಭ ಬೇರೆಯಿದ್ದರೆ ಕಾವಲಿನವರೂ ಆಗಬಹುದಿತ್ತು ಎಂದು ನಾಟಕದ ಒಬ್ಬ ಸಾಕ್ಷಿ ಹೇಳುವ ಮಾತನ್ನು ಪಾಲಿಚ್ ಅಕ್ಷರಶಃ ತೆಗೆದುಕೊಂಡಿದ್ದರು.

‘ಆರೋಪಿಗಳು ನಗುತ್ತಾರೆ’ ಎಂಬ ಸೂಚನೆ ಮೊದಲ ಸಲ ಬಂದಾಗ ಯಾರೂ ನಗಲಿಲ್ಲ. ಸೂಚನೆಗಳನ್ನು ಓದುತ್ತಿದ್ದ ಹುಡುಗಿ ಮುಂದಿನ ಸಾಲಿಗೆ ಹೋಗದೆ ತಲೆಯೆತ್ತಿ ಕಾದಳು. ಕುರ್ಚಿಗಳು ಕಿರುಗುಟ್ಟಿದವು, ಒಬ್ಬರು ಕನ್ನಡಕ ಒರೆಸಿಕೊಂಡರು. ಎಷ್ಟೋ ಹೊತ್ತಿನ ಮೇಲೆ ಅವಳು ಮುಂದುವರಿಸಿದಳು. ಎರಡನೆಯ ಸಲ ಆರೋಪಿಗಳ ಸಾಲಿನಲ್ಲಿ ನಾನೂ ಇದ್ದೆ. ನನ್ನ ಬಲಗಡೆಯ ಹಿರಿಯರೊಬ್ಬರು ಮೂಗಿನಿಂದ ಗಾಳಿ ಬಿಟ್ಟರು, ಗಂಟಲು ಸರಿಮಾಡಿಕೊಂಡಂತೆ. ಅದು ನಗುವೇ ಎಂದು ತಿಳಿಯುವಷ್ಟರಲ್ಲಿ ಅವರ ಪಕ್ಕದವರು ನಕ್ಕಿದ್ದರು, ಆಮೇಲೆ ಇನ್ನಿಬ್ಬರು, ಆಮೇಲೆ ನಾನು. ಕಚೇರಿಯಲ್ಲಿ ಮೇಲಧಿಕಾರಿ ಏನೋ ಹೇಳಿದಾಗ, ಅರ್ಧ ಕೇಳಿಸದಿದ್ದರೂ ಎಲ್ಲರೊಂದಿಗೆ ನಗುತ್ತೇವಲ್ಲ, ಅದೇ ನಗು. ನನ್ನ ಹರುಕುಮುರುಕು ಜರ್ಮನ್‌ನಲ್ಲಿ ಆ ಪುಟ ನನಗೆ ನಿಜಕ್ಕೂ ಅರ್ಧವೇ ಅರ್ಥವಾಗಿತ್ತು. ಎದುರು ಕುಳಿತ ಸಾಕ್ಷಿ, ಹತ್ತೊಂಬತ್ತು ಇಪ್ಪತ್ತರ ಹುಡುಗ, ನಗು ನಿಲ್ಲುವವರೆಗೆ ಪುಟದ ಮೇಲೆ ಬೆರಳಿಟ್ಟುಕೊಂಡು ಕಾದು, ತನ್ನ ಸಾಲನ್ನು ಅದೇ ದನಿಯಲ್ಲಿ ಮುಂದುವರಿಸಿದ. ಐದನೆಯ ಗಾನದ ಹೊತ್ತಿಗೆ ಯಾರಿಗೂ ಕಾಯಬೇಕಾಗಿರಲಿಲ್ಲ.

ವಸತಿಗೆ ಮರಳಿದಾಗ ಹನ್ನೆರಡು ದಾಟಿತ್ತು. ಕರಡು ತೆಗೆದು, ಬೇರೆ ಬೇರೆ ಕಡೆ ಬರೆದಿದ್ದ ಗಹಗಹ, ಕಿಸಕ್ಕು, ಕುಹಕ, ಎಲ್ಲವನ್ನೂ ಹೊಡೆದು ‘ನಗುತ್ತಾರೆ’ ಎಂದಷ್ಟೇ ಬರೆದೆ. ಅಷ್ಟು ಮುಗಿಯುವ ಹೊತ್ತಿಗೆ ಮೈಸೂರಿನಲ್ಲಿ ಬೆಳಕಾಗುತ್ತಿತ್ತು. ನಮ್ಮ ನಿರ್ದೇಶಕರಿಗೆ ಫೋನ್ ಮಾಡಿ, ನಟರಿಗೆ ಮಾತು ಬಾಯಿಪಾಠ ಮಾಡಿಸಿ, ನಗುವನ್ನು ಮಾತ್ರ ಮೊದಲ ಪ್ರದರ್ಶನದವರೆಗೆ ಅಭ್ಯಾಸ ಮಾಡಿಸಬೇಡಿ ಎಂದೆ. ಯಾಕೆ ಎಂದು ಕೇಳಿದರು. ಬಂದು ಹೇಳುತ್ತೇನೆ ಎಂದೆ.